ಹೊಕ್ಕಳೆಂದು ಬರೆದ ಹರ್ನಿಯಾ

ಸ್ನಾನ ಮಾಡುವಾಗ ಅದು ಕೈಗೆ ಸಿಕ್ಕಿತು. ಬಲಗಡೆ ತೊಡೆಯ ಸಂದಿಯಲ್ಲಿ, ಬಾರಿಹಣ್ಣಿನಷ್ಟು. ಒತ್ತಿದರೆ ಚೂರು ಸರಿಯುತ್ತಿತ್ತು, ಪೂರಾ ಒಳಗೆ ಹೋಗುತ್ತಿರಲಿಲ್ಲ. ನೋವು ಅಂತ ಏನೂ ಇರಲಿಲ್ಲ. ಬಕೆಟ್ಟಿನಲ್ಲಿ ನೀರು ಆರುತ್ತಿತ್ತು, ನಾನು ಚೊಂಬು ಹಿಡಿದುಕೊಂಡು ಹಾಗೇ ನಿಂತುಬಿಟ್ಟಿದ್ದೆ. ಹೊರಗೆ ಕುಕ್ಕರ್ ಸೀಟಿ ಹೊಡೆದಾಗ ಎಚ್ಚರವಾಯಿತು.

ನಾನು ಓದಿದ್ದು ಕಾನ್ವೆಂಟಿನಲ್ಲಿ. ಸಿಸ್ಟರುಗಳು ದೇಹದ ಎಲ್ಲ ಅಂಗಗಳ ಹೆಸರನ್ನೂ ಇಂಗ್ಲಿಷಿನಲ್ಲಿ ಚೆನ್ನಾಗಿಯೇ ಕಲಿಸಿದ್ದರು, ಸೊಂಟದಿಂದ ಮೊಣಕಾಲಿನವರೆಗಿನ ಭಾಗ ಒಂದನ್ನು ಬಿಟ್ಟು. ಮದುವೆಯಾಗಿ ಬಂದ ಮನೆಯಲ್ಲೂ ಆ ಭಾಗಕ್ಕೆ ಹೆಸರಿರಲಿಲ್ಲ. ‘ಕೆಳಗ’ ಅಂದರೆ ಸಾಕು, ಹೆಂಗಸರಿಗೆ ಅರ್ಥವಾಗುತ್ತಿತ್ತು. ಗಂಡಸರ ಮುಂದೆ ಅದನ್ನೂ ಅನ್ನುತ್ತಿರಲಿಲ್ಲ.

ನಾವಿರುವುದು ವಾಡಿಯಲ್ಲಿ. ನಮ್ಮ ಯಜಮಾನರು ಸಿಮೆಂಟ್ ಕಾರ್ಖಾನೆಯ ಲ್ಯಾಬಿನಲ್ಲಿದ್ದಾರೆ. ಕಿಟಕಿಯ ಕಟ್ಟೆಯನ್ನು ಮುಂಜಾನೆ ಒರೆಸಿದರೆ ಮಧ್ಯಾಹ್ನಕ್ಕೆ ಮತ್ತೆ ಬೂದಿಬಣ್ಣ ಕೂತಿರುತ್ತದೆ. ಹಾಗಾಗಿ ದಿನವೆಲ್ಲ ಬಗ್ಗುವುದು, ಏಳುವುದು, ಒರೆಸುವುದು ಇದ್ದೇ ಇತ್ತು. ಸಂಜೆಯಾದರೆ ಗಂಟು ಸ್ವಲ್ಪ ದಪ್ಪಗಾಗುತ್ತಿತ್ತು, ಮಲಗಿ ಎದ್ದರೆ ಇಳಿದಿರುತ್ತಿತ್ತು. ಇವರಿಗೆ ಹೇಳಿದಾಗ ಚಿತ್ತಾಪುರದಲ್ಲಿ ಒಬ್ಬ ಲೇಡಿ ಡಾಕ್ಟರ್ ಇದ್ದಾರೆಂದು ಕರೆದುಕೊಂಡು ಹೋದರು.

ಆ ಡಾಕ್ಟರ್ ಪರದೆ ಎಳೆದು, ಮಲಗಿಸಿ, ‘ಕೆಮ್ಮರಿ’ ಅಂದರು. ಕೆಮ್ಮಿದೆ. ‘ಇನ್ನೊಮ್ಮಿ.’ ಅವರ ಬೆರಳು ಅಲ್ಲೇ ಇತ್ತು.

‘ಹರ್ನಿಯಾ ಅದ. ಹೆಣ್ಮಕ್ಕಳಿಗಿ ಇಲ್ಲಿ ಬರೋದು ಬ್ಯಾರೆ ತರದ್ದು, ಫಿಮೋರಲ್ ಅಂತಾರ. ಇದರ ಬಾಯಿ ಸಣ್ಣದಿರ್ತದ. ಕರುಳು ಸಿಕ್ಕೊಂಡ್ರ ಭಾಳ ತ್ರಾಸ. ಸೇಡಂದಾಗ ಸರ್ಜನ್‌ಗೆ ತೋರಸ್ರಿ, ತಡ ಮಾಡಬ್ಯಾಡ್ರಿ.’

ಹೊರಗೆ ಕೂಸುಗಳು ಅಳುತ್ತಿದ್ದವು, ಕರೆಂಟ್ ಹೋಗಿತ್ತು, ಅವರು ಮೊಬೈಲಿನ ಬೆಳಕಿನಲ್ಲಿ ಚೀಟಿ ಬರೆದರು. ಚೀಟಿಯಲ್ಲಿ ಇದ್ದದ್ದು ಇಷ್ಟೇ: ಹರ್ನಿಯಾ, ಆಪರೇಷನ್‌ಗೆ. ಬಾಯಿಂದ ಹೇಳಿದ್ದು ನನ್ನ ಕಿವಿಯಲ್ಲಿ ಉಳಿಯಿತು, ಚೀಟಿಗೆ ಬರಲಿಲ್ಲ.

ಮನೆಯಲ್ಲಿ ಮೊದಲು ಯಾರೂ ನಂಬಲಿಲ್ಲ. ‘ಹರ್ನಿಯಾ ಗಂಡಸರಿಗಿ ಬರೋದಲ್ಲೇನು?’ ಅಂದರು ಇವರು. ಕಾರ್ಖಾನೆಯಲ್ಲಿ ಚೀಲ ಹೊರುವವರಿಗೆ ಬಂದದ್ದನ್ನು ನೋಡಿದ್ದರು. ಸುದ್ದಿ ಕೇಳಿ ತೆಂಗಳಿಯಿಂದ ಗುರುಬಾಯಕ್ಕ ಬಂದಳು. ಇವರ ಅಣ್ಣನ ಹೆಂಡತಿ, ನನಗೆ ನೆಗೆಣ್ಣಿ, ಆದರೆ ಅಕ್ಕ ಅಂತಲೇ ಕರೆಯುವುದು. ಬಂದವಳೇ ಸೊಂಟಕ್ಕೆ ಸೆರಗು ಸಿಕ್ಕಿಸಿದಳು.

‘ಭಾರ ಎತ್ತೋರಿಗಿ ಬರೋದಂತ ಇದು. ನೀ ಏನ್ ಎತ್ತಿದ್ದಿ ಶೈಲಾ? ಇಂಗ್ಲಿಷ್ ಪೇಪರಾ?’

‘ಗ್ಯಾಸ್ ಸಿಲಿಂಡರ್ ಎತ್ತೀನಲ್ಲಕ್ಕ.’

‘ಅದನ್ನ ಉಳ್ಳಸ್ಬೇಕವ್ವ, ಎತ್ತಬಾರದು. ಕಾನ್ವೆಂಟಿನಾಗ ಇದೊಂದು ಹೇಳಿಕೊಡ್ಲಿಲ್ಲ ನೋಡು.’

ಅವಳ ಮಾತೇ ಹಾಗೆ. ಆದರೆ ರೊಟ್ಟಿ, ಪಾತ್ರೆ, ಧೂಳು ಎಲ್ಲವೂ ಅವತ್ತಿನಿಂದ ಅವಳ ಕೈಗೆ ಹೋದವು. ನನಗೆ ಒಂದು ಕೊಡ ಎತ್ತಲು ಬಿಡಲಿಲ್ಲ.

ಸೇಡಂನ ಆಸ್ಪತ್ರೆಗೆ ನಾವು ಮೂವರೂ ಹೋದೆವು. ಅವತ್ತು ಸರ್ಜನ್ ಆಪರೇಷನ್ ಕೋಣೆಯಲ್ಲಿದ್ದರು, ಹೊರಗಿನವರನ್ನು ನೋಡುತ್ತಿರಲಿಲ್ಲ. ಇನ್ಶೂರೆನ್ಸ್ ಕೌಂಟರಿನಲ್ಲಿದ್ದವರು, ‘ಚೀಟಿ ಅದ, ಸಾಕು. ಮೊದಲ ಮಂಜೂರಿ ತರಸ್ತೀವ್ರಿ. ಆಪರೇಷನ್ ಹಿಂದಿನ ದಿನ ಸಾಹೇಬ್ರು ನೋಡ್ತಾರ’ ಅಂದರು. ಇವರು ಕಾರ್ಡಿನ ಝೆರಾಕ್ಸ್ ತರಲು ರಸ್ತೆಯಾಚೆ ಹೋದರು. ನನ್ನನ್ನು ರಕ್ತ ತೆಗೆಯಲು ಒಳಗೆ ಕರೆದರು. ಕೌಂಟರಿನ ಮುಂದೆ ಉಳಿದವಳು ಗುರುಬಾಯಕ್ಕ.

ನಮ್ಮ ಕಡೆ ಒಂದು ನಡೆ ಇದೆ. ಇನ್ನೊಬ್ಬರಿಗಾದ ಗಾಯವನ್ನೋ ಬೇನೆಯನ್ನೋ ನಮ್ಮ ಮೈಮೇಲೆ ಮುಟ್ಟಿ ತೋರಿಸಬಾರದು. ತೋರಿಸಿದರೆ ಅದು ನಮಗೆ ಹತ್ತುತ್ತದೆ. ತೋರಿಸಲೇಬೇಕಾದರೆ ಗೋಡೆಯನ್ನೋ ಕಂಬವನ್ನೋ ಮುಟ್ಟುತ್ತಾರೆ. ಮರೆತು ತೋರಿಸಿದರೆ ಕೈ ಮೇಲೆ ಉಫ್ ಅಂತ ಊದಿಕೊಳ್ಳುತ್ತಾರೆ.

ರಕ್ತ ತೆಗೆಯುವ ಕೋಣೆಗೆ ಗಾಜಿನ ಬಾಗಿಲಿತ್ತು. ತೋಳಿಗೆ ಹತ್ತಿ ಒತ್ತಿಕೊಂಡು ನೋಡಿದರೆ, ಗುರುಬಾಯಕ್ಕ ಕೌಂಟರಿನವರ ನೀರಿನ ಬಾಟಲಿಯನ್ನು ತನ್ನ ಕಡೆ ಎಳೆದುಕೊಂಡು ಅದರ ಮೇಲೆ ಬೆರಳಿಟ್ಟು ಏನೋ ಹೇಳುತ್ತಿದ್ದಳು. ಮೊದಲು ಬಾಟಲಿಯ ನಡು, ಆಮೇಲೆ ಅದಕ್ಕಿಂತ ಸ್ವಲ್ಪ ಕೆಳಗೆ. ಅವರು ತಲೆಯಾಡಿಸಿ ಕಂಪ್ಯೂಟರಿನಲ್ಲಿ ಟೈಪ್ ಮಾಡಿಕೊಂಡರು. ನನಗೆ ನಗು ಬಂತು. ಸೂಜಿ ಚುಚ್ಚಿದ ಹುಡುಗಿಯೂ ನಕ್ಕಳು, ಯಾಕೆಂದು ತಿಳಿಯದೆಯೇ.

ಅಲ್ಲಿ ಆದ ಮಾತನ್ನು ಅಕ್ಕ ವಾಪಸು ಬರುವಾಗ ರೈಲಿನಲ್ಲಿ ಹೇಳಿದಳು. ‘ಎಲ್ಲಿ ಅದ್ರಿ ಗಂಟು?’ ಅಂದರಂತೆ. ‘ಹೊಟ್ಟಿ ಕೆಳಗ್ರಿ’ ಅಂದಳಂತೆ. ‘ಹೊಕ್ಕಳ ಹತ್ರ?’ ‘ಹ್ಞೂಂ, ಅಲ್ಲೇ, ಅದರ ಕೆಳಗ.’ ಅಪರಿಚಿತ ಗಂಡಸಿನ ಮುಂದೆ ಅದಕ್ಕಿಂತ ಕೆಳಗೆ ಅವಳ ನಾಲಿಗೆ ಇಳಿಯಲಿಲ್ಲ. ಬಾಟಲಿಗಾದರೂ ತೊಡೆಗಳು ಎಲ್ಲಿರುತ್ತವೆ!

‘ಭಾರಿ ಶಾಣ್ಯಾ ಮನಷ್ಯಾ. ಅಷ್ಟರಾಗ ಎಲ್ಲಾ ತಿಳ್ಕೊಂಡ’ ಅಂದಳು. ನಾವೂ ಹಾಗೇ ಅಂದುಕೊಂಡೆವು.

ಮಂಜೂರಿ ಇವರ ಮೊಬೈಲಿಗೆ ಬಂತು. ಅದರಲ್ಲಿ ರೋಗದ ಹೆಸರಿರಲಿಲ್ಲ, ಕೆ ೪೨.೯ ಎಂದಿತ್ತು. ಫೈಲ್ ನಂಬರ್ ಇರಬೇಕೆಂದು ಇವರು ಅದನ್ನು ಜೋಪಾನವಾಗಿ ಬರೆದಿಟ್ಟುಕೊಂಡರು.

ಕೊಟ್ಟ ತಾರೀಖು ಇನ್ನೂ ದೂರವಿತ್ತು. ಒಂದು ಮುಂಜಾನೆ ಪೂಜೆಗೆ ಕೂತಾಗ ಹೊಟ್ಟೆಯಲ್ಲಿ ಯಾರೋ ಬಟ್ಟೆ ಹಿಂಡಿದಂತಾಯಿತು. ಇಷ್ಟಲಿಂಗಕ್ಕೆ ವಿಭೂತಿ ಹಚ್ಚುವ ಕೈ ಅಲ್ಲೇ ನಿಂತಿತು. ಎದ್ದು ಮೋರಿಯವರೆಗೆ ಹೋಗುವಷ್ಟರಲ್ಲಿ ವಾಂತಿ. ಗಂಟನ್ನು ಮುಟ್ಟಿ ನೋಡಿದೆ. ಬಾರಿಹಣ್ಣು ಕಲ್ಲಾಗಿತ್ತು.

ಪಕ್ಕದ ಮನೆಯವರ ಕಾರಿನಲ್ಲಿ ಹೊರಟೆವು. ವಾಡಿಯಿಂದ ಸೇಡಂವರೆಗೆ ಆ ರಸ್ತೆಯಲ್ಲಿ ಸಿಮೆಂಟ್ ಲಾರಿಗಳ ಸಾಲು ಮುಗಿಯುವುದೇ ಇಲ್ಲ. ಪ್ರತಿ ದಿಬ್ಬಕ್ಕೂ ನಾನು ಗುರುಬಾಯಕ್ಕನ ಮೊಣಕಾಲು ಹಿಡಿಯುತ್ತಿದ್ದೆ. ಅವಳು ಡ್ರೈವರನಿಗೆ, ‘ಸಾವಕಾಶ ನಡಸೋ ತಮ್ಮಾ’ ಅನ್ನುವಳು, ಮರುಕ್ಷಣವೇ, ‘ಜಲ್ದಿ ನಡಿಯೋ’ ಅನ್ನುವಳು.

ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಡ್ಯೂಟಿ ಡಾಕ್ಟರ್ ಇದ್ದರು, ಚಿಕ್ಕ ವಯಸ್ಸು, ಮರ್ಯಾದಸ್ತರು. ಫೈಲ್ ತರಿಸಿ ನೋಡಿದರು. ‘ಅಂಬಿಲಿಕಲ್ ಹರ್ನಿಯಾ. ಹೊಕ್ಕಳದ್ದು’ ಎಂದು ತಮ್ಮಷ್ಟಕ್ಕೆ ಓದಿಕೊಂಡರು. ಗುರುಬಾಯಕ್ಕ ನನ್ನ ನೆರಿಗೆಯನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದಿದ್ದಳು, ಹೊಕ್ಕಳು ಕಾಣುವಷ್ಟು ಮಾತ್ರ ಸಡಿಲ ಬಿಟ್ಟಿದ್ದಳು. ಡಾಕ್ಟರ್ ಅಷ್ಟನ್ನೇ ನೋಡಿದರು, ಅಷ್ಟನ್ನೇ ಒತ್ತಿದರು.

‘ಇಲ್ಲೇನೂ ಗಂಟಿಲ್ಲ. ಹರ್ನಿಯಾ ಒಳಗ ಹೋಗ್ಯಾದ, ಚಲೋನೇ ಆಯ್ತು. ಇದು ಊಟದ್ದು ಇರಬೇಕ್ರಿ. ಡ್ರಿಪ್ ಹಾಕ್ತೀನಿ. ಸರ್ ಮಧ್ಯಾಹ್ನ ಬರ್ತಾರ.’

‘ಕೆಳಗೆ... ಕೆಳಗೆ ಇದೆ ಡಾಕ್ಟರ್’ ಅಂದೆ.

‘ಹೊಟ್ಟಿನೋವು ಕೆಳಗ ಇಳೀತದ್ರಿ ಅಮ್ಮಾ. ಅದು ಹರದಾಡ್ತದ.’

ಇನ್ನೂ ಹೇಳುವಷ್ಟರಲ್ಲಿ ಮತ್ತೆ ವಾಂತಿ ಬಂತು, ಅವರು ಪಕ್ಕದ ಮಂಚಕ್ಕೆ ಹೋದರು. ಪರದೆಯ ಆಚೆ ನಾಯಿ ಕಚ್ಚಿಸಿಕೊಂಡ ಒಬ್ಬ ಮುದುಕ, ಅವನ ಜೊತೆಗೆ ಬಂದ ಗಂಡಸರು. ಪರದೆ ನನ್ನ ಮಂಚದ ಕಾಲಿನವರೆಗೆ ಬರುತ್ತಿರಲಿಲ್ಲ, ಒಂದು ಗೇಣು ಕಡಿಮೆ ಇತ್ತು. ಆ ಸಂದಿನಿಂದ ಅವರ ಚಪ್ಪಲಿಗಳು ಕಾಣುತ್ತಿದ್ದವು, ಒಂದಕ್ಕೆ ಹೊಸ ಹೊಲಿಗೆ ಹಾಕಿಸಿದ್ದರು.

ಕಾಯಿಲೆಯ ಬಗ್ಗೆ ಬರೆಯುವವರು ನೋವನ್ನು ಬರೆಯುತ್ತಾರೆ. ನನಗೆ ನೋವಿಗಿಂತ ಕಾಯುವುದು ನೆನಪಿದೆ. ಶಹಾಬಾದಿ ಫರಸಿಯ ನೆಲದ ಮೇಲೆ ಕಿಟಕಿಯ ಬಿಸಿಲು ಒಂದು ಕಲ್ಲಿನಿಂದ ಇನ್ನೊಂದು ಕಲ್ಲಿಗೆ ದಾಟುತ್ತಿತ್ತು. ಫಿನಾಯಿಲಿನ ವಾಸನೆ. ಯಾರೋ ಡಬ್ಬಿ ಬಿಚ್ಚಿ ಪುಂಡಿಪಲ್ಯ ತಿನ್ನುತ್ತಿದ್ದರು, ಆ ವಾಸನೆ. ಡ್ರಿಪ್ಪಿನ ಹನಿ ಬಿದ್ದಾಗಲೆಲ್ಲ ಇದು ಒಳಗೆ ಹೋಗಿ ಏನು ಮಾಡುತ್ತದೆ ಅನ್ನಿಸುತ್ತಿತ್ತು. ವಾಂತಿಯ ಬಣ್ಣ ಹಸಿರಾಯಿತು. ಟ್ರೇ ಬರುವ ಮೊದಲೇ ಗುರುಬಾಯಕ್ಕ ತನ್ನ ಸೆರಗನ್ನೇ ಒಡ್ಡಿದಳು, ಹೋಗಿ ತೊಳೆದುಕೊಂಡು ಒದ್ದೆ ಸೀರೆಯಲ್ಲೇ ಬಂದು ನಿಂತಳು. ಡಾಕ್ಟರ್ ಹೇಳಿದ್ದರಲ್ಲ, ಒಳಗೆ ಹೋಗಿದೆ ಅಂತ. ಓದಿದವರು ಹೇಳಿದ್ದಾರೆ. ಆದರೆ ಚಾದರದ ಕೆಳಗೆ ನನ್ನ ಕೈ ಬೇರೆಯೇ ಹೇಳುತ್ತಿತ್ತು. ಇವರು ಬಾಗಿಲಿಗೂ ಮಂಚಕ್ಕೂ ನಡುವೆ ಅಡ್ಡಾಡುತ್ತ, ಬಂದಾಗಲೆಲ್ಲ, ‘ಈಗ ಹ್ಯಾಂಗ ಅದ?’ ಅಂತ ಕೇಳುತ್ತಿದ್ದರು. ಇವರ ಕಾಲರಿನ ಗುಂಡಿ ತಪ್ಪು ಕಾಜಿನಲ್ಲಿತ್ತು. ಅದನ್ನು ಹೇಳಬೇಕೆಂದುಕೊಳ್ಳುತ್ತಲೇ ಇದ್ದೆ.

ಸರ್ಜನ್ ಬಂದಾಗ ಬಿಸಿಲು ಗೋಡೆಯ ಬುಡಕ್ಕೆ ಹೋಗಿತ್ತು. ಚಿಂಚೋಳಿ ಕಡೆಯ ಹಿರಿಯರು, ಮಾತಿನಲ್ಲಿ ತೆಲುಗು ಬೆರೆಯುತ್ತಿತ್ತು. ಟ್ರೇಯನ್ನು ನೋಡಿದರು, ನನ್ನ ಮುಖ ನೋಡಿದರು, ನಾಡಿ ಹಿಡಿದರು. ‘ಗಂಡಸರೆಲ್ಲಾ ಹೊರಗ ನಡೀರಿ’ ಅಂದರು. ಗುರುಬಾಯಕ್ಕ ಇನ್ನೂ ನೆರಿಗೆ ಹಿಡಿದೇ ಇದ್ದಳು. ‘ಬಿಡವ್ವಾ. ನಾ ಮುದುಕ ಇದ್ದೀನಿ.’

ಅವಳು ಬಿಟ್ಟಳು.

‘ಎಲ್ಲಿ ಗಂಟು ತಲ್ಲೀ?’

‘ಗ್ರಾಯಿನ್, ಡಾಕ್ಟರ್. ರೈಟ್ ಸೈಡ್’ ಅಂದೆ. ಆ ಶಬ್ದವನ್ನು ನಾನು ಎಲ್ಲಿ ಕಲಿತಿದ್ದೆನೋ ಗೊತ್ತಿಲ್ಲ. ಕನ್ನಡದಲ್ಲಿ ಅದು ಆಗಲೂ ಬಾಯಿಗೆ ಬರಲಿಲ್ಲ.

ಅವರ ಬೆರಳು ತಾಗಿದ್ದಷ್ಟೇ, ನಾನು ಮಂಚದಿಂದ ಎದ್ದುಬಿಟ್ಟೆ. ಅವರು ಚಾದರ ಹೊದಿಸಿ, ಫೈಲನ್ನು ಕಣ್ಣಿನ ಹತ್ತಿರ ಹಿಡಿದು ಓದಿ, ಆ ಚಿಕ್ಕ ಡಾಕ್ಟರನ್ನು ಕರೆದರು.

‘ಕಾಗದದಾಗ ಹೊಕ್ಕಳ ಅಂತ ಅದ, ನೀ ಹೊಕ್ಕಳ ನೋಡಿದಿ. ಪೇಷಂಟ್‌ನ ಯಾವಾಗ ನೋಡ್ತಿದ್ದಿಪ್ಪಾ?’

ಚಿಕ್ಕ ಡಾಕ್ಟರ ಕಿವಿ ಕೆಂಪಾದದ್ದು ನನಗೆ ಕಂಡಿತು. ಸಿಟ್ಟು ಬರಲಿಲ್ಲ, ಸಿಟ್ಟಿಗೆ ಬೇಕಾದ ಬಲವೂ ಇರಲಿಲ್ಲ.

ಅಷ್ಟರಲ್ಲಿ ಕೌಂಟರಿನವರು ಓಡಿ ಬಂದರು. ‘ಸರ್, ಮಂಜೂರಿ ನಲವತ್ತೆರಡಕ್ಕ ಅದ. ಇದು ನಲವತ್ತೊಂದು ಆಗ್ತದ. ಮತ್ತ ಕಳಸಬೇಕಾಗ್ತದ್ರಿ, ಅದು ಬರೋತನಕ...’

‘ಕಳಸು. ಅದು ಬರೋದ್ರಾಗ ನಾ ಹೊಲದು ಮುಗಿಸಿರ್ತೀನಿ.’

‘ಚುಕ್ಕಿ ಮುಂದ ಏನ್ ಹಾಕ್ಲಿ ಸರ್?’

‘ಮೂರು ಹಾಕು. ಮೂರೋ ನಾಕೋ, ಹೊಟ್ಟಿ ತಗದ ಮ್ಯಾಲ ಹೇಳ್ತೀನಿ.’

ನನ್ನ ತಲೆಯ ಮೇಲೆ ಅವರು ಆಡಿದ ಈ ಸಂಖ್ಯೆಗಳು ನನಗೆ ರೈಲಿನ ನಂಬರುಗಳಂತೆ ಕೇಳಿಸಿದವು. ಇವರು ಒಂದು ಕಾಗದಕ್ಕೆ ಸಹಿ ಮಾಡಿದರು, ಓದದೆ. ಪ್ರತಿಯೊಂದನ್ನೂ ಓದಿ ಸಹಿ ಮಾಡುವ ಮನುಷ್ಯ ಇವರು.

ಆಪರೇಷನ್ ಕೋಣೆಯ ಬಾಗಿಲಲ್ಲಿ ಬಳೆ, ತಾಳಿ ಎಲ್ಲ ತೆಗೆಸಿದರು. ಕೊರಳಿನ ಶಿವದಾರಕ್ಕೆ ಕೈ ಹಾಕಿದಾಗ ನಾನು ಅದನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಲಿಂಗ ಕಟ್ಟಿದಂದಿನಿಂದ ಅದು ಮೈ ಬಿಟ್ಟು ಹೋದದ್ದಿಲ್ಲ. ‘ತೆಗೆಯಲೇಬೇಕ್ರಿ’ ಅಂದಳು ನರ್ಸ್. ಒಳಗಿಂದ ಅರಿವಳಿಕೆ ಕೊಡುವ ಡಾಕ್ಟರಮ್ಮ ಬಂದರು. ಏನೂ ಕೇಳದೆ, ಲಿಂಗವನ್ನು ಬ್ಯಾಂಡೇಜ್ ಬಟ್ಟೆಯಲ್ಲಿ ಸುತ್ತಿ ನನ್ನ ಎಡಗೈ ಮಣಿಕಟ್ಟಿಗೆ ಕಟ್ಟಿದರು. ಸೂಜಿ ಬಲಗೈಗೆ ಚುಚ್ಚಿದರು. ಅವರ ಹೆಸರು ನನಗೆ ತಿಳಿಯಲಿಲ್ಲ. ಮುಖ ಮಾಸ್ಕಿನಲ್ಲಿತ್ತು, ಎರಡು ಕಣ್ಣು ಮಾತ್ರ ನೆನಪಿದೆ, ಒಂದರಲ್ಲಿ ಕಾಡಿಗೆ ಸ್ವಲ್ಪ ಹರಡಿತ್ತು.

ಎಚ್ಚರವಾದಾಗ ಮೂಗಿನಲ್ಲಿ ನಳಿಕೆ ಇತ್ತು. ಮೊದಲು ಮಣಿಕಟ್ಟು ಮುಟ್ಟಿ ನೋಡಿಕೊಂಡೆ. ಇವರು ಹತ್ತಿರ ಬಂದು, ‘ಎಲ್ಲಾ ಛಲೋ ಆಯ್ತು’ ಅಂದರು. ಸುಳ್ಳು ಹೇಳುವಾಗ ಇವರು ಮೂಗಿನ ತುದಿ ಸವರಿಕೊಳ್ಳುತ್ತಾರೆ. ಸವರಿಕೊಂಡರು. ಆಮೇಲೆ ತಾವೇ, ‘ಕರುಳು ಸ್ವಲ್ಪ ತಗದಾರ. ಕಪ್ಪಾಗಿತ್ತಂತ’ ಅಂದರು.

ನೀರು ಕೊಡುವಂತಿರಲಿಲ್ಲ. ಆ ಬಾಯಾರಿಕೆಯನ್ನು ಹೇಗೆ ಹೇಳಲಿ. ಗುರುಬಾಯಕ್ಕ ಹತ್ತಿಯನ್ನು ಒದ್ದೆ ಮಾಡಿ ತುಟಿಗೆ ಒತ್ತುತ್ತಿದ್ದಳು. ಹತ್ತಿಯನ್ನು ಹೀರದಂತೆ ನರ್ಸ್ ಹೇಳಿದ್ದಳು, ನಾನು ಹೀರುತ್ತಿದ್ದೆ, ಅಕ್ಕ ನೋಡಿಯೂ ನೋಡದಂತೆ ಬೇರೆ ಕಡೆ ಮುಖ ಮಾಡುತ್ತಿದ್ದಳು. ಹೊಲಿಗೆಯ ಒಂದು ತುದಿಯಲ್ಲಿ ಕೀವಾಯಿತು. ಮತ್ತೆ ಬಿಚ್ಚಿದರು, ತೊಳೆದರು, ಹಾಗೇ ಬಿಟ್ಟರು. ಡ್ರೆಸಿಂಗ್ ಮಾಡುವ ಗಾಡಿಯ ಒಂದು ಚಕ್ರ ಕಿರುಗುಟ್ಟುತ್ತಿತ್ತು, ಅದು ವಾರ್ಡಿನ ಆ ಕೊನೆಯಲ್ಲಿ ಕೇಳಿದರೇನೇ ನಾನು ಚಾದರವನ್ನು ಕೊರಳಿನವರೆಗೆ ಎಳೆದುಕೊಳ್ಳುತ್ತಿದ್ದೆ.

ಮನೆಗೆ ಬಿಡುವ ದಿನ ಕೌಂಟರಿನವರು ಕಾಗದಗಳನ್ನು ಮಂಚಕ್ಕೇ ತಂದರು. ಅದರಲ್ಲಿ ಕೆ ೪೧.೪ ಎಂದಿತ್ತು. ‘ಇದೇನ್ರಿ ಈ ನಾಲ್ಕು?’ ಎಂದು ಕೇಳಿದೆ. ಅವರಿಗೆ ಹೇಳುವ ಮನಸ್ಸಿರಲಿಲ್ಲ. ಆದರೂ ಹೇಳಿದರು.

‘ನಲವತ್ತೊಂದಂದ್ರ ತೊಡಿ ಸಂದಿದು. ನಲವತ್ತೆರಡಂದ್ರ ಹೊಕ್ಕಳದ್ದು. ಚುಕ್ಕಿ ಮುಂದ ಒಂಬತ್ತಿದ್ರ ಬರೇ ಹರ್ನಿಯಾ, ಏನೂ ಆಗಿಲ್ಲ. ಮೂರಿದ್ರ ಸಿಕ್ಕೊಂಡದ. ನಾಕಿದ್ರ...’ ಪೆನ್ನಿನ ಕ್ಯಾಪ್ ತೆಗೆದರು, ಹಾಕಿದರು. ‘ನಾಕಿದ್ರ ಗ್ಯಾಂಗ್ರೀನ್ರಿ. ಆಪರೇಷನ್ನಿಗೂ ಬ್ಯಾರೆ ನಂಬರ್ ಇರ್ತಾವ. ಬಾಯಿ ಹೊಲಿಯೋದಕ್ಕ ಒಂದು, ಕರುಳು ಕತ್ತರಿಸಿ ಕೂಡಿಸೋದಕ್ಕ ಇನ್ನೊಂದು. ನಿಮ್ದು ಎರಡನೇದು.’

ನಮ್ಮ ಕಡೆ ಆ ಶಬ್ದ ಎಲ್ಲರಿಗೂ ಗೊತ್ತು. ಸಕ್ಕರೆ ಕಾಯಿಲೆಯವರ ಕಾಲಿಗೆ ಆಗುತ್ತದಲ್ಲ. ಅದು ನನ್ನ ಹೊಟ್ಟೆಯೊಳಗೆ, ನಾನು ಬಿಸಿಲು ನೋಡುತ್ತ ಮಲಗಿದ್ದಾಗ, ಸದ್ದಿಲ್ಲದೆ ಆಗುತ್ತಿತ್ತು. ಮುಂಜಾನೆ ಬಂದಾಗ ಅದು ಬಹುಶಃ ಮೂರೇ ಇತ್ತು.

ಗುರುಬಾಯಕ್ಕ ಚೀಲಕ್ಕೆ ಬಟ್ಟೆ ತುಂಬುತ್ತಿದ್ದಳು. ಕೈ ನಿಂತಿತು. ಎದ್ದು ವರಾಂಡಕ್ಕೆ ಹೋದಳು, ಬಹಳ ಹೊತ್ತು ಬರಲಿಲ್ಲ. ಬಂದು ಮಂಚದ ಅಂಚಿಗೆ ಕೂತು, ನನ್ನ ಕಡೆ ನೋಡದೆ ಅಂದಳು:

‘ನನಗ ಹತ್ತತದಂತ ಅಂಜಿದ್ನಿ ಶೈಲಾ. ಅದಕ್ಕ ಬಾಟ್ಲಿ ಮ್ಯಾಲ ತೋರಿಸಿದ್ನಿ.’

‘ಯಾರಾದರೂ ಹಾಗೇ ಮಾಡ್ತಿದ್ರಕ್ಕ.’

‘ಯಾರಾದ್ರೂ ಅಲ್ಲ. ನಾ ಮಾಡಿದ್ನಿ.’

ಅವಳ ಒದ್ದೆ ಸೆರಗೂ ನಿಜ, ಆ ಬಾಟಲಿಯೂ ನಿಜ. ನಾನು ಅವಳ ಬೆನ್ನ ಮೇಲೆ ಕೈ ಇಟ್ಟೆ, ಅವಳು ಮತ್ತೆ ಬಟ್ಟೆ ಮಡಚತೊಡಗಿದಳು.

ಮನೆಗೆ ಬಂದ ಮೇಲೆ ಎಲ್ಲ ಮುಗಿಯಿತು ಅಂದುಕೊಳ್ಳುತ್ತಾರೆ. ಉಂಡದ್ದು ನಿಲ್ಲುತ್ತಿರಲಿಲ್ಲ. ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ ಕಿವುಚಿ ಕೂಸಿಗೆ ಕೊಟ್ಟ ಹಾಗೆ ಕೊಡುತ್ತಿದ್ದರು. ರವಿಕೆಗಳೆಲ್ಲ ಜೋತು ಬಿದ್ದವು. ನೋಡಲು ಬಂದ ಹೆಂಗಸರು ಏನಾಗಿತ್ತೆಂದು ಕೇಳಿದರೆ ಇವರು, ‘ಹೊಟ್ಟಿ ಆಪರೇಷನ್’ ಅನ್ನುತ್ತಿದ್ದರು. ಒಬ್ಬಾಕೆ ಮಾತ್ರ ಎಲ್ಲರೂ ಎದ್ದ ಮೇಲೆ ಹಿಂದೆ ಉಳಿದು, ‘ವೈನಿ, ನಿಮಗ ಖರೇ ಎಲ್ಲಿ ಬಂದಿತ್ತು?’ ಎಂದು ಪಿಸುಗುಟ್ಟಿದಳು. ಹೇಳಿದೆ. ಅವಳ ಮುಖ ಬಿಳುಪಾಯಿತು. ಯಾಕೆಂದು ನಾನು ಕೇಳಲಿಲ್ಲ, ಚಿತ್ತಾಪುರದ ಡಾಕ್ಟರಮ್ಮನ ಹೆಸರು ಹೇಳಿದೆ. ಇದನ್ನು ಬರೆಯುತ್ತಿರುವುದು ಅಂಥವರಿಗೆ. ನನ್ನ ಕಥೆ ಕೇಳಿ ಧೈರ್ಯ ಬರಲಿಕ್ಕಿಲ್ಲ. ತಾನೊಬ್ಬಳೇ ಅಲ್ಲ ಅನ್ನುವುದಾದರೂ ತಿಳಿಯಲಿ.

ಮೊನ್ನೆ ತಪಾಸಣೆಗೆ ಹೋಗಿದ್ದೆವು. ಸರ್ಜನ್ ಹಳೆಯ ಗಾಯ ನೋಡಿ ತೃಪ್ತಿಪಟ್ಟರು. ‘ಈಗ ನಿಂತು ಕೆಮ್ಮು ತಲ್ಲೀ’ ಅಂದರು. ಕೆಮ್ಮಿದೆ. ಅವರ ಬೆರಳು ಎಡಗಡೆ ಹೋಯಿತು. ‘ಇನ್ನೊಮ್ಮಿ.’ ಅವರು ಕೈ ತೊಳೆದುಕೊಳ್ಳಲು ತೆಗೆದುಕೊಂಡ ಹೊತ್ತಿನಲ್ಲೇ ನನಗೆ ತಿಳಿಯಿತು.

‘ಈ ಕಡೀನೂ ಒಂದು ಶುರು ಆಗ್ಯಾದ. ಸಣ್ಣದದ. ಕರುಳು ಅದರಾಗ ಹೋಗೋದಕ್ಕ ಮೊದಲೇ ಮುಚ್ಚೋಣು.’

ಇವರು ಕುರ್ಚಿಯ ಹಿಡಿಕೆಯನ್ನು ಹಿಡಿದುಕೊಂಡರು. ನಾನು ಸೀರೆ ಸರಿ ಮಾಡಿಕೊಂಡೆ. ಮತ್ತೆ ಆ ನಳಿಕೆ, ಆ ಬಾಯಾರಿಕೆ, ಆ ಕಿರುಗುಟ್ಟುವ ಗಾಡಿ. ಹೆದರಿಕೆಗೆ ಈ ಸಲ ಎಲ್ಲ ಹೆಸರುಗಳೂ ಗೊತ್ತಿದ್ದವು.

ಕೌಂಟರಿನಲ್ಲಿ ಅದೇ ಮನುಷ್ಯ. ಕುರ್ಚಿಗಳೆಲ್ಲ ತುಂಬಿದ್ದವು, ಗೋಡೆಗೆ ಒರಗಿ ನಿಂತವರೂ ಇದ್ದರು, ಹೆಚ್ಚಿನವರು ಗಂಡಸರು. ಇವರು ಗಂಟಲು ಸರಿ ಮಾಡಿಕೊಂಡು, ‘ಅದು... ಈ ಸಲ...’ ಅಂದರು. ನಾನು ಅವರ ತೋಳನ್ನು ಮೆಲ್ಲಗೆ ಸರಿಸಿ ಮುಂದೆ ಹೋದೆ.

‘ಎಡಗಡಿ ತೊಡಿ ಸಂದ್ಯಾಗ ಅದ್ರಿ. ಫಿಮೋರಲ್.’

ಗೋಡೆಗೆ ಒರಗಿದ್ದ ಒಬ್ಬರು ತಲೆ ತಗ್ಗಿಸಿದರು. ಹಿಂದೆ ಯಾರೋ ಮಾತು ನಿಲ್ಲಿಸಿದರು. ನನ್ನ ಕಿವಿ ಸುಡುತ್ತಿತ್ತು, ಆದರೂ ಕೌಂಟರ್ ಬಿಟ್ಟು ಸರಿಯಲಿಲ್ಲ. ಕೌಂಟರಿನವರು ಬೆರಳುಗಳನ್ನು ಕೀಲಿಗಳ ಮೇಲಿಟ್ಟುಕೊಂಡು ನನ್ನನ್ನು ನೋಡಿದರು.

‘ಸಿಕ್ಕೊಂಡದೇನ್ರಿ ಅಕ್ಕೋರೆ?’

‘ಇಲ್ಲ. ಒಂಬತ್ತು ಹಾಕ್ರಿ’ ಅಂದೆ. ‘ಇವತ್ತಿಗೆ ಒಂಬತ್ತು.’